ಡಿಸ್ಕಿನ ಅಲೆನ್ ಬೋಲ್ಟ್ ತಲೆ ಗುಂಡಾಗಿದೆ, ಬಿಚ್ಚುವುದು ಹೇಗೆ?

ಪ್ರಶ್ನೆ

150 ಸಿಸಿ ಬೈಕು, ಅಲಾಯ್ ವೀಲ್. ಮುಂದಿನ ಬ್ರೇಕ್ ಡಿಸ್ಕ್ ಕನಿಷ್ಠ ದಪ್ಪಕ್ಕಿಂತ ತೆಳ್ಳಗೆ ಸವೆದಿದೆ, ಬದಲಾಯಿಸಲೇಬೇಕು. ಐದು ಬೋಲ್ಟಲ್ಲಿ ಮೂರು ಬಂದವು. ಉಳಿದೆರಡರಲ್ಲಿ 5 ಎಂಎಂ ಅಲೆನ್ ಕೀ (ಆರು ಮೂಲೆಯ ಕೀಲಿ) ಸುಮ್ಮನೆ ಸುತ್ತುತ್ತಿದೆ, ಒಳಗಿನ ಮೂಲೆಗಳೆಲ್ಲ ಸವೆದುಹೋಗಿವೆ. ರಾತ್ರಿಯಿಡೀ ಡಬ್ಲ್ಯೂಡಿ-40 ಹೊಡೆದಿಟ್ಟರೂ ಅಲುಗಿಲ್ಲ. ಡ್ರಿಲ್ ಹಾಕುವ ಮೊದಲು ಬೇರೆ ದಾರಿ ಇದೆಯೇ? ಅನುಭವ ಇರುವವರು ತಿಳಿಸಿ.

ಉತ್ತರ 1

ಮೊದಲು ಬಿಚ್ಚಿಟ್ಟ ಮೂರು ಬೋಲ್ಟ್‌ಗಳನ್ನು ಬೆಳಕಿಗೆ ಹಿಡಿದು ಥ್ರೆಡ್ ನೋಡಿ. ಸಂದಿಯಲ್ಲಿ ಒಣಗಿದ ನೀಲಿ ಅಥವಾ ಕೆಂಪು ಪುಡಿ ಕಂಡರೆ ಅದು ಥ್ರೆಡ್‌ಲಾಕ್, ಅಂದರೆ ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು. ಕಂದು ಬಣ್ಣವಿದ್ದರೆ ತುಕ್ಕು. ಬಿಳಿ ಪುಡಿಯಿದ್ದರೆ ಅಲ್ಯೂಮಿನಿಯಂ ಹಬ್ (ವೀಲಿನ ನಡುಭಾಗ) ಮತ್ತು ಸ್ಟೀಲ್ ಬೋಲ್ಟ್ ನಡುವೆ ನೀರು ನಿಂತು ಕಚ್ಚಿಕೊಂಡಿದೆ ಎಂದರ್ಥ. ತುಕ್ಕಿಗೆ ಎಣ್ಣೆ ಕೆಲಸ ಮಾಡುತ್ತದೆ, ಒಣಗಿದ ಅಂಟಿಗೆ ಮಾಡುವುದಿಲ್ಲ. ಅಂಟಿಗೆ ಬೇಕಾದ್ದು ಬಿಸಿ.

ಇನ್ನು ಡಬ್ಲ್ಯೂಡಿ ಹೊಡೆಯಬೇಡಿ ಸರ್. ಆ ಎಣ್ಣೆ ಬ್ರೇಕ್ ಪ್ಯಾಡಿಗೆ ತಾಗಿದರೆ ಪ್ಯಾಡೂ ಹೋದ ಹಾಗೆಯೇ.

ಉತ್ತರ 2

ಇಲ್ಲಿ ಸಾಮಾನ್ಯವಾಗಿ ಹಾಕುವುದು ಗುಮ್ಮಟದ ಆಕಾರದ ತಲೆಯ ಎಂ8 (8 ಎಂಎಂ ದಪ್ಪದ) ಬೋಲ್ಟ್. ಅದರ ಷಡ್ಭುಜ ಗುಂಡಿ ಎರಡೂವರೆ ಎಂಎಂಗಿಂತ ಚೂರೇ ಹೆಚ್ಚು ಆಳ, ಕೀಗೆ ಹಿಡಿತವೇ ಕಮ್ಮಿ. ಜೊತೆಗೆ ಅಂಟು. ಹಾಗಾಗಿ ಇದು ಗುಂಡಾಗುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಗುಂಡಿಯೊಳಗಿನ ಮಣ್ಣು, ಲೋಹದ ಚೂರನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಆಮೇಲೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಹಚ್ಚಿ ನೋಡಿ. ಟಿ-30 ಸಡಿಲವಾದರೆ ಟಿ-35, ಅದೂ ಸಡಿಲವಾದರೆ ಟಿ-40. ಕೈಯಲ್ಲಿ ಒತ್ತಿದರೆ ಹೋಗಬಾರದು, ಸುತ್ತಿಗೆ ಏಟಿಗೆ ಮಾತ್ರ ಇಳಿಯಬೇಕು, ಅದೇ ಸರಿಯಾದ ಅಳತೆ. ಅಂಗುಲದ ಸೆಟ್ ಇದ್ದರೆ 7/32 ಅಲೆನ್ ಬಿಟ್ ಕೂಡ ಆಗುತ್ತದೆ, ಅದು 5.56 ಎಂಎಂ. ಏಟು ಬಿದ್ದಾಗ ಥ್ರೆಡ್ಡಿನ ಹಿಡಿತವೂ ಸ್ವಲ್ಪ ಸಡಿಲುತ್ತದೆ. ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಇನ್ನೂ ಒಳ್ಳೆಯದು, ಎಡಕ್ಕೆ ತಿರುಗುವಂತೆ ಇಟ್ಟುಕೊಳ್ಳಿ.

ವೀಲನ್ನು ಎರಡು ಮರದ ತುಂಡಿನ ಮೇಲೆ ಮಲಗಿಸಿ. ಬೈಕಿನಲ್ಲೇ ಇರುವಾಗ ಹೊಡೆದರೆ ಪೆಟ್ಟೆಲ್ಲ ಬೇರಿಂಗಿಗೆ ಹೋಗುತ್ತದೆ.

ಕೇಳಿದವರು

ನೀಲಿ ಪುಡಿಯೇ ಇದೆ. ಹೀಟ್ ಗನ್ ಇಲ್ಲ, ಗ್ಯಾಸ್ ಟಾರ್ಚ್ ಇದೆ. ಹಿಡಿಯಬಹುದೇ?

ಉತ್ತರ 1

ಬೆಂಕಿ ಬೇಡ. ಪಕ್ಕದಲ್ಲೇ ಬೇರಿಂಗ್ ಸೀಲ್, ಟೈರು, ಅಲಾಯಿನ ಬಣ್ಣ ಇವೆ. 60 ವಾಟ್‌ಗಿಂತ ದೊಡ್ಡ ಸೋಲ್ಡರಿಂಗ್ ಐರನ್ ಸಿಕ್ಕರೆ ಅದರ ತುದಿಯನ್ನು ಬೋಲ್ಟಿನ ಗುಂಡಿಯೊಳಗೇ ಐದಾರು ನಿಮಿಷ ಒತ್ತಿ ಹಿಡಿಯಿರಿ, ಬಿಸಿ ನೇರ ಬೋಲ್ಟಿಗೇ ಇಳಿಯುತ್ತದೆ. ಬೋಲ್ಟ್ 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಅಂಟು ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಬಿಚ್ಚಿ, ಆರಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಬಿಟ್ ಹೊಡೆದು ಕೂರಿಸುವ ಮೊದಲೇ ಬಿಸಿ ಮಾಡಿ, ಒಂದೇ ಸಲಕ್ಕೆ ಬರುವ ಸಾಧ್ಯತೆ ಹೆಚ್ಚು.

ಬ್ರೇಕ್ ಕ್ಲೀನರ್ ಹೊಡೆದಿದ್ದರೆ ಪೂರ್ತಿ ಆರುವವರೆಗೆ ಬಿಸಿ ಮಾಡಲೇಬೇಡಿ. ಬೆಂಕಿ ಹಿಡಿಯುವುದು ಒಂದು ಅಪಾಯ. ಕ್ಲೋರಿನ್ ಇರುವ ಬಗೆಯಾದರೆ ಅತಿ ಬಿಸಿಗೆ ಫಾಸ್ಜೀನ್ ಎಂಬ ವಿಷಗಾಳಿ ಏಳುತ್ತದೆ. ವೆಲ್ಡಿಂಗ್‌ಗೆ ಕೊಡುವುದಾದರೆ ಈ ಮಾತನ್ನು ವೆಲ್ಡರ್‌ಗೂ ಹೇಳಿ.

ಉತ್ತರ 3

ವೆಲ್ಡಿಂಗ್ ಅಂಗಡಿ ಹತ್ತಿರವಿದ್ದರೆ ಎಂ8 ನಟ್ಟನ್ನು ಬೋಲ್ಟಿನ ತಲೆ ಮೇಲಿಟ್ಟು ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿಸಿ. ಕೆಂಪು ಆರಿದ ಕೂಡಲೇ 13ರ ಸ್ಪ್ಯಾನರ್ ಹಾಕಿ ತಿರುಗಿಸಿ. ಅರ್ಥ್ ಕ್ಲಾಂಪನ್ನು ಹಳೇ ಡಿಸ್ಕಿಗೇ ಕಚ್ಚಿಸಬೇಕು. ಆಕ್ಸಲ್‌ಗೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಗುಂಡುಗಳ ಮೇಲೆ ಕಲೆ ಬೀಳುತ್ತದೆ.

ಉತ್ತರ 4

ಡಿಸ್ಕ್ ಹೇಗೂ ಗುಜರಿಗೆ ಹೋಗುವಂಥದ್ದು, ಅದಕ್ಕೆ ಗೀರು ಬಿದ್ದರೆ ಚಿಂತೆಯಿಲ್ಲ. ಉಳಿಸಿಕೊಳ್ಳಬೇಕಾದ್ದು ಹಬ್ಬಿನ ಥ್ರೆಡ್. ಆದ್ದರಿಂದ ಮೇಲಿನ ಯಾವುದೂ ಫಲಿಸದಿದ್ದರೆ ಡ್ರಿಲ್‌ಗೆ ಹೆದರಬೇಡಿ. ಬೋಲ್ಟ್ ಪೂರ್ತಿ ಕೊರೆಯುವುದಲ್ಲ, ತಲೆ ಮಾತ್ರ ಹಾರಿಸುವುದು.

ಸವೆದ ಗುಂಡಿಯೇ ಡ್ರಿಲ್ಲಿಗೆ ನಡು ತೋರಿಸುತ್ತದೆ. ಮೊದಲು 4 ಎಂಎಂ, ಆಮೇಲೆ 8 ಎಂಎಂ ಬಿಟ್. ಕೋಬಾಲ್ಟ್ ಬಿಟ್ ತೆಗೆದುಕೊಳ್ಳಿ, ಈ ಬೋಲ್ಟ್ ಗಟ್ಟಿ ಸ್ಟೀಲು. ವೇಗ ಕಡಿಮೆ, ಒತ್ತಡ ಜಾಸ್ತಿ, ನಡುನಡುವೆ ಒಂದೊಂದು ಹನಿ ಎಣ್ಣೆ. ಸುರುಳಿ ಸುರುಳಿಯಾಗಿ ಚೂರು ಬರಬೇಕು. ಕೀರಲು ಸದ್ದಿನೊಂದಿಗೆ ಪುಡಿ ಬರುತ್ತಿದ್ದರೆ ಬಿಟ್ ಮೊಂಡಾಗಿದೆ, ಮುಂದುವರಿಸಬೇಡಿ. ತಲೆಯ ಎತ್ತರ 4.4 ಎಂಎಂ. ಬಿಟ್ಟಿನ ಮೇಲೆ ತುದಿಯಿಂದ ಆರು ಎಂಎಂ ಬಿಟ್ಟು ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಆ ಹೊತ್ತಿಗೆ ತಲೆ ಉಂಗುರದಂತೆ ಕಳಚಿ ಬಿಟ್ಟಿನ ಜೊತೆಗೇ ಸುತ್ತತೊಡಗುತ್ತದೆ.

ತಲೆ ಹೋದ ಕ್ಷಣ ಬೋಲ್ಟಿನ ಎಳೆತ ಇಳಿಯುತ್ತದೆ. ಡಿಸ್ಕ್ ಎತ್ತಿದರೆ ಅದರ ದಪ್ಪದಷ್ಟು, ಅಂದರೆ ಸುಮಾರು 4 ಎಂಎಂ ತುಂಡು ಹೊರಗೆ ನಿಂತಿರುತ್ತದೆ. ಅದಕ್ಕೆ ಇನ್ನೊಮ್ಮೆ ಬಿಸಿ ಕೊಟ್ಟು, ಕಚ್ಚಿ ನಿಲ್ಲುವ ಇಕ್ಕಳವಾದ ವೈಸ್ ಗ್ರಿಪ್‌ನಲ್ಲಿ ಬಿಗಿಯಾಗಿ ಹಿಡಿದು ತಿರುಗಿಸಿದರೆ ಬರುತ್ತದೆ.

ಅಗ್ಗದ ಈಜಿ ಔಟ್ (ಬೋಲ್ಟಿನೊಳಗೆ ಕೊರೆದು ಕಚ್ಚಿಸಿ ತಿರುಗಿಸುವ ಉಪಕರಣ) ಮಾತ್ರ ಬೇಡ. ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ, ಎರಡು ಕಷ್ಟ ಒಟ್ಟಿಗೆ ಬಂದಂತೆ.

ಉತ್ತರ 2

ಜೋಡಿಸುವಾಗ ಐದೂ ಬೋಲ್ಟ್ ಹೊಸದೇ ಹಾಕಿ, ಕಂಪನಿಯದೇ ಇರಲಿ. ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟ್ ಬ್ರೇಕಿಗೆ ಸಲ್ಲದು. ಎಂ8×1.25 ಟ್ಯಾಪನ್ನು (ಥ್ರೆಡ್ ಕೊರೆಯುವ ಉಪಕರಣ) ಕೈಯಲ್ಲೇ ತಿರುಗಿಸಿ ಹಳೇ ಅಂಟು ತೆಗೆಯಿರಿ. ತಳ ಮುಚ್ಚಿದ ತೂತಾದರೆ ಗಾಳಿ ಊದಿ ಒಣಗಿಸಿ, ಅಲ್ಲಿ ನಿಂತ ಎಣ್ಣೆ ಬೋಲ್ಟ್ ಬಿಗಿಯುವಾಗ ಹಬ್ಬನ್ನೇ ಸೀಳಬಲ್ಲದು. ಬೋಲ್ಟಿಗೆ ಅಂಟು ಮೊದಲೇ ಹಚ್ಚಿ ಬಂದಿಲ್ಲದಿದ್ದರೆ ನೀಲಿ ಥ್ರೆಡ್‌ಲಾಕ್ ಒಂದೆರಡು ಹನಿ ಸಾಕು. ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಅಂಕಿಗೆ ನಿಲ್ಲಿಸಿ. ಅಂಟು ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು, ಅಲ್ಲಿವರೆಗೆ ಗಾಡಿ ಹೊರಗೆ ತೆಗೆಯಬೇಡಿ.