ಸಹಾಯ ಬೇಕು: ಕುಮಟಾ, ಶಿರಸಿ ಕಡೆ ನಂಬಿಕಸ್ಥ ಗ್ಯಾರೇಜ್ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮದು 2014ರ ವ್ಯಾಗನ್ ಆರ್, ಪೆಟ್ರೋಲ್. ನಾನಿರುವುದು ಕುಮಟಾದಲ್ಲಿ, ಅಪ್ಪ-ಅಮ್ಮ ಶಿರಸಿಯಲ್ಲಿ, ಹಾಗಾಗಿ ದೇವಿಮನೆ ಘಾಟ್ ಹತ್ತಿ ಇಳಿಯುವುದು ತಪ್ಪುವುದಿಲ್ಲ. ಈಗ ಘಾಟ್ ಹತ್ತುವಾಗ ಎಂಜಿನ್ ಸದ್ದು ಜೋರಾಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ಜೊತೆಗೆ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಸವೆದಿದೆ ಅಂತ ನನ್ನ ಅಂದಾಜು.

ಒಂದು ಕಡೆ ತೋರಿಸಿದೆ. ಗಾಡಿ ಓಡಿಸಿಯೂ ನೋಡದೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು ಎಂದರು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು, ಅದು ಗೊತ್ತು, ಆದರೆ ಇಳಿಸುವುದು ಬೇರೆ, ಒಳಗೆಲ್ಲ ಬಿಚ್ಚಿ ರಿಪೇರಿ ಮಾಡುವುದು ಬೇರೆ ಅಲ್ವಾ? ಖರ್ಚು ಎಷ್ಟಾಗಬಹುದು, ಬರೆದು ಕೊಡಿ ಅಂದರೆ "ಬಿಚ್ಚಿದ ಮೇಲೆ ಹೇಳ್ತೇವೆ" ಎಂಬ ಉತ್ತರ. ಸುಮ್ನೆ ಕೀ ತೆಗೆದುಕೊಂಡು ಬಂದೆ.

ಅಗ್ಗದ ಗ್ಯಾರೇಜೇ ಆಗಬೇಕೆಂದಿಲ್ಲ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ (ಒಂದೊಂದೇ ಹಾಕಿಸಿ ಮತ್ತೆ ಇಳಿಸುವ ಕೂಲಿ ಯಾರು ಕೊಡ್ತಾರೆ), ಹಳೆಯ ಪಾರ್ಟ್ ಕೈಗೆ ಕೊಟ್ಟು, ಸಾಮಾನು ಮತ್ತು ಕೂಲಿ ಬೇರೆ ಬೇರೆ ಬರೆದ ಬಿಲ್ ಕೊಡುವವರು ಬೇಕು. ಉಪ್ಪು ಗಾಳಿಗೆ ಅಡಿಭಾಗದಲ್ಲಿ ತುಕ್ಕೂ ಹಿಡಿದಿದೆ, ಲಿಫ್ಟ್ ಇದ್ದರೆ ಅದನ್ನೂ ನೋಡಿಸಬಹುದು.

ಹೊನ್ನಾವರ, ಅಂಕೋಲಾ, ಕಾರವಾರ, ಎಲ್ಲಿಯಾದರೂ ಸರಿ. ಶಿರಸಿಯಾದರೆ ಘಾಟ್ ಹತ್ತಿಸಬೇಕಲ್ಲ, ಟೋಯಿಂಗ್‌ಗೆ ಯಾರು ಬರುತ್ತಾರೆ ಅದನ್ನೂ ತಿಳಿಸಿ. ನೀವೇ ಕೆಲಸ ಮಾಡಿಸಿದ ಜಾಗ ಮಾತ್ರ ಹೇಳಿ ಮಾರಾಯ್ರೇ.