ಸಹಾಯ ಬೇಕು: 1763ರ ಬಿದನೂರಿನಲ್ಲಿ ಇವರಿಬ್ಬರು ಭೇಟಿಯಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರದ ಕಡೆಯವಳು. ಸುಮ್ನೆ ಶುರು ಮಾಡಿದ ಒಂದು ಐತಿಹಾಸಿಕ ಕಾದಂಬರಿ ಆರನೇ ಅಧ್ಯಾಯಕ್ಕೆ ಬಂದು ನಿಂತಿದೆ.

ಕಥೆ 1763ರದ್ದು. ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದ ವರ್ಷ. ಊರಿನ ಹೆಸರೂ ಆಮೇಲೆ ಹೈದರ್‌ನಗರ ಆಯಿತು, ಅದೇ ಈಗಿನ ನಗರ. ನಾಯಕಿ ಅಡಿಕೆ ತೋಟದ ಮನೆಯ ಹುಡುಗಿ. ನಾಯಕ ಹೈದರನ ಸೈನ್ಯದಲ್ಲಿ ಕುದುರೆ ನೋಡಿಕೊಳ್ಳುವವನು. ಆಗದ ಜೋಡಿ, ಗೊತ್ತು. ಅದಕ್ಕೇ ಇಷ್ಟ.

ತೊಂದರೆ ಏನೆಂದರೆ, ಒಂದು ಸಲ ನೋಡುವುದು ಸುಲಭ, ಮತ್ತೆ ಮತ್ತೆ ನೋಡುವುದು ಕಷ್ಟ. ಮೊದಲು ದೇವಗಂಗೆ ಕೊಳದ ಹತ್ತಿರ ಭೇಟಿ ಮಾಡಿಸಿದೆ, ಸಿನಿಮಾ ತರಹ ಆಯಿತು. ಕುದುರೆಗೆ ಹುಲ್ಲು ಕೇಳಲು ಮನೆಗೇ ಕಳಿಸಿದೆ. ನನ್ನ ಅಜ್ಜಿ ಓದಿ, "ಅಪ್ಪ, ಅಣ್ಣಂದಿರು ಎಲ್ಲಿ ಹೋಗಿದ್ರು?" ಅಂದರು! ನಗರದ ಕೋಟೆಗೆ ಎರಡು ಸಲ ಹೋಗಿ ಬಂದೆ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂ ಕೂಡ ನೋಡಿದೆ. ಕಲ್ಲು, ಶಾಸನ ಸಿಕ್ಕವು, ದಿನದ ಬದುಕು ಸಿಗಲಿಲ್ಲ.

ಈಗ ಕಾಳುಮೆಣಸು ಒಣಗಿಸುವ ಅಂಗಳದಲ್ಲಿ ದೃಶ್ಯ ಇಟ್ಟಿದ್ದೇನೆ. ಮಳೆಗಾಲ ಹಿಡಿದರೆ ಅದೂ ಮುಗಿಯಿತು, ಅಲ್ವಾ? ಮಾತಿನದು ಬೇರೆ ಗೋಳು. ಅವನದು ದಖನಿ ಉರ್ದು, ಅವಳದು ಹವ್ಯಕ ಕನ್ನಡ.

ಹಳೆಯ ತೋಟದ ಮನೆಗಳ ಬಗ್ಗೆ ತಿಳಿದವರು ಹೇಳಿ: ಮಳೆಗಾಲದಲ್ಲೂ ಹೊರಗಿನವನೊಬ್ಬ ವಾರಕ್ಕೊಮ್ಮೆ ಅಂಗಳದವರೆಗೆ ಬರಲು ಯಾವ ಕೆಲಸ ನಂಬುವ ಹಾಗಿರುತ್ತದೆ?