ಡೋಪಮೈನ್ ಹೆಚ್ಚಾಗಿದೆ ಎಂದರೆ ಕಾಯಿಲೆಯ ಕಾರಣ ಹೇಳಿದಂತಾಯಿತೇ?

ರೋಗಿಯ ಅಣ್ಣ:
ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗವೆಂದು ಗೊತ್ತಾದ ದಿನ, ಮೆದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗಿರುವುದೇ ಅದಕ್ಕೆ ಕಾರಣವೆಂದು ನಮಗೆ ಹೇಳಿದರು. ಮಾತ್ರೆ ಶುರುವಾದ ಮೇಲೆ ಅವನಿಗೆ ಕೇಳುತ್ತಿದ್ದ ದನಿಗಳು ನಿಂತವು. ಆದರೆ ಮೂರು ವರ್ಷಗಳಾದರೂ ಅವನು ಯಾರೊಡನೆಯೂ ಬೆರೆಯುವುದಿಲ್ಲ. ಸ್ನಾನಕ್ಕೂ ನಾವೇ ಎಬ್ಬಿಸಬೇಕು. ಹೆಚ್ಚಾದದ್ದು ತಗ್ಗಿದ್ದರೆ ಇದೇಕೆ ಉಳಿದಿದೆ?

ಔಷಧಶಾಸ್ತ್ರದ ಅಧ್ಯಾಪಕಿ:
ಆ ವಿವರಣೆ ಹುಟ್ಟಿದ ಬಗೆಯಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಮನೋರೋಗಿಗಳಿಗೆ ಕ್ಲೋರ್‌ಪ್ರೊಮಜೀನ್ ಎಂಬ ಮದ್ದು ಕೊಡತೊಡಗಿದಾಗ ಅದು ಹೇಗೆ ಕೆಲಸ ಮಾಡುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಸರ್ಪಗಂಧದ ಬೇರಿನಿಂದ ತೆಗೆದು ಅದೇ ಕಾಯಿಲೆಗೆ ಕೊಡುತ್ತಿದ್ದ ರೆಸರ್ಪಿನ್ ಮೆದುಳಿನ ಡೋಪಮೈನನ್ನು ಬರಿದು ಮಾಡುತ್ತದೆಂದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಆ ದಶಕದ ಕೊನೆಯಲ್ಲಿ ತೋರಿಸಿದರು. (ಅದೇ ಬೇರನ್ನು ಉನ್ಮಾದಕ್ಕೆ ಕೊಟ್ಟ ಅನುಭವವನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಪ್ರಕಟಿಸಿದ್ದರೆಂಬುದನ್ನು ನಾವು ಮರೆಯಬಾರದು.) 1970ರ ದಶಕದಲ್ಲಿ ಟೊರಾಂಟೊದ ಫಿಲಿಪ್ ಸೀಮನ್, ಇಂಥ ಔಷಧವೊಂದು ಡೋಪಮೈನ್ ಗ್ರಾಹಕಕ್ಕೆ (ನರಕೋಶದ ಮೇಲೆ ಡೋಪಮೈನ್ ಬಂದು ಕೂರುವ ತಾಣಕ್ಕೆ) ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆಯೋ ಅಷ್ಟು ಕಡಿಮೆ ಪ್ರಮಾಣದಲ್ಲಿ ಅದು ಫಲ ಕೊಡುತ್ತದೆಂದು ಕಂಡುಕೊಂಡರು. ಹೀಗೆ ಮದ್ದಿನಿಂದ ಹಿಂದಕ್ಕೆ ನಡೆದು ಕಾರಣವನ್ನು ಊಹಿಸಲಾಯಿತು. ಒಡ್ಡು ಕಟ್ಟಿದರೆ ನೆರೆ ನಿಲ್ಲಬಹುದು, ಆದರೆ ಮಳೆ ಎಲ್ಲಿ ಸುರಿಯಿತೆಂಬುದು ಒಡ್ಡಿನಿಂದ ತಿಳಿಯುವುದಿಲ್ಲ.

ಮನೋವೈದ್ಯ:
ಅದು ಈಗ ಬರಿಯ ಊಹೆಯಲ್ಲ. ರೋಗಿಗಳ ಮೆದುಳಿನ ಸ್ಟ್ರಯೇಟಮ್ ಭಾಗದಲ್ಲಿ ಡೋಪಮೈನ್ ತಯಾರಿ ಸರಾಸರಿ ಹೆಚ್ಚಿರುವುದು, ಮೆದುಳಿನೊಳಗಿನ ರಾಸಾಯನಿಕ ಚಟುವಟಿಕೆಯನ್ನು ತೋರಿಸುವ ಪಿಇಟಿ ಸ್ಕ್ಯಾನ್‌ಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ದನಿ, ಸಂಶಯಗಳಿಗೆ ಒಪ್ಪುವ ಈ ವಿವರಣೆ ನಿಮ್ಮ ತಮ್ಮನ ಮೌನಕ್ಕೆ ಒಪ್ಪುವುದಿಲ್ಲ. ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕ ರಾಸಾಯನಿಕದ ಗ್ರಾಹಕವನ್ನು ತಡೆಯುವ ಕೆಟಮೀನ್ ಎಂಬ ಅರಿವಳಿಕೆ ಮದ್ದು ಆರೋಗ್ಯವಂತರಲ್ಲೂ ಸ್ವಲ್ಪ ಹೊತ್ತು ಭ್ರಮೆಯೊಂದಿಗೆ ಇಂಥದೇ ನಿರಾಸಕ್ತಿಯನ್ನು ತರಬಲ್ಲದು. ಬೇರೆ ಮದ್ದುಗಳಿಗೆ ಜಗ್ಗದ ಕಾಯಿಲೆಗೆ ನಾಟುವ ಕ್ಲೋಜಪಿನ್, ಡೋಪಮೈನ್ ಗ್ರಾಹಕವನ್ನು ಹಿಡಿಯುವುದು ಸಡಿಲವಾಗಿಯೇ. ಒಂದೇ ರಾಸಾಯನಿಕದ ಕಥೆ ಇಲ್ಲಿ ಸಾಲದು.

ಸಮಾಜಕಾರ್ಯಕರ್ತೆ:
ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೂ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜೋಡಿಗಳಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಬಾಲ್ಯದ ಆಘಾತ, ವಲಸೆ, ಗಾಂಜಾ ಇವೆಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ. ಹಾಗಿರುವಾಗ ಮನೆಯವರಿಗೆ ರಾಸಾಯನಿಕದ ಮಾತನ್ನೇ ಏಕೆ ಮೊದಲು ಹೇಳಬೇಕು?

ಮನೋವೈದ್ಯ:
ತಪ್ಪು ತಾಯಿಯದ್ದೆಂದು ದೂರುತ್ತಿದ್ದ ಕಾಲವೂ ಇತ್ತು. ಆ ಭಾರವನ್ನು ಇಳಿಸಿದ್ದು ಈ ಮಾತೇ. ಅದಕ್ಕಾಗಿ ಅದನ್ನು ಗೌರವಿಸುತ್ತೇನೆ. ಆದರೆ ಮೌನವನ್ನೂ ಡೋಪಮೈನ್ ಲೆಕ್ಕಕ್ಕೇ ಸೇರಿಸಿ ಮಾತ್ರೆಯ ಪ್ರಮಾಣ ಏರಿಸಿದರೆ ಜಡತೆ ಇನ್ನಷ್ಟು ಹೆಚ್ಚಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದನಿಗಳು ಮರಳಬಹುದು.

ರೋಗಿಯ ಅಣ್ಣ:
ಕಳೆದ ತಿಂಗಳು ಪ್ರಮಾಣ ಏರಿಸಿದ್ದಾರೆ, ಅವನು ಮಾತಾಡುವುದಿಲ್ಲವೆಂದು ನಾವೇ ದೂರಿದ್ದಕ್ಕೆ. ಸೋಮವಾರ ಹೋದಾಗ ಅದನ್ನೇ ಮೊದಲು ಕೇಳುತ್ತೇನೆ.